ಕೆಳಗಿನ ದನಿ, ಮೇಲಿನ ಕಿವಿ

ಬಸ್ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದಷ್ಟು ಕಾಲ ಆಕೆಯನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಡ್ರೈವರುಗಳಿಗೂ ಕಂಡಕ್ಟರುಗಳಿಗೂ ಆಕೆ ಮೈಕಮ್ಮ. ಗಾಜಿನ ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಯಾವುದು ಹೊರಡುತ್ತದೆ, ಯಾವುದು ತಡವಾಗಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುವುದು ಆಕೆಯ ಕೆಲಸ. ಗಂಟಲು ಕಟ್ಟಿದ್ದರೂ ಸರಿಯೇ, ಒಂದು ಪ್ರಕಟಣೆಯನ್ನು ಎರಡು ಸಲ ಹೇಳದೆ ಬಿಡುತ್ತಿರಲಿಲ್ಲ. ನಿವೃತ್ತಿಯಾದ ಹೊಸದರಲ್ಲಿ ಬಾಯಿಗೆ ಕೆಲಸವಿಲ್ಲದೆ ಒದ್ದಾಡಿಹೋದಳು. "ಹಾಲು ಉಕ್ಕುವ ಸ್ಥಿತಿಯಲ್ಲಿದೆ, ಸಂಬಂಧಪಟ್ಟವರು ಗಮನಿಸಬೇಕು" ಎಂದು ಅಡುಗೆಮನೆಯಿಂದ ಕೂಗಿದ್ದನ್ನು ಕೇಳಿ ಗಂಡ ಬಿದ್ದು ಬಿದ್ದು ನಕ್ಕಿದ್ದ.

ಆ ಗಂಡನೇ ಆಕೆಗೆ ಹೊಸ ದಾರಿ ತೋರಿಸಿದ್ದು. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸಿಕೊಡುವ ಪುಟ್ಟ ಗ್ರಂಥಾಲಯವೊಂದು ಪೇಟೆಯ ಹಳೇ ಕಟ್ಟಡದಲ್ಲಿತ್ತು. ಓದುವವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದ್ದೇ ತಡ, ಅವನು ಹೆಂಡತಿಯನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ. ಮನೆಯಲ್ಲಿ ಮೆಟ್ಟಿಲ ಕೆಳಗಿನ ಉಗ್ರಾಣ ಖಾಲಿಯಾಯಿತು. ಗೋಡೆಗೆಲ್ಲ ಹಳೆಯ ರಜಾಯಿಗಳನ್ನು ತೂಗುಹಾಕಿದರು, ಹೊರಗಿನ ಸದ್ದು ಒಳಗೆ ಬರದ ಹಾಗೆ. ಬಸ್ ಕಚೇರಿಯವರು ಬೇಡವೆಂದು ಬದಿಗೆ ಹಾಕಿದ ಕಂಪ್ಯೂಟರೊಂದು ಬಂತು. ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಗೊರಗುಟ್ಟುತ್ತಿದ್ದುದರಿಂದ ಅದನ್ನು ಬಾಗಿಲ ಹೊರಗಿಟ್ಟು, ಮೈಕು ಮತ್ತು ಪರದೆಯನ್ನು ಮಾತ್ರ ಒಳಗಿಟ್ಟರು.

ಓದಿದರೆ ಮುಗಿಯಲಿಲ್ಲ. ಕೆಮ್ಮು, ತಪ್ಪು ಉಚ್ಚಾರ, ಹಾಳೆ ಮಗುಚಿದ ಸದ್ದು, ಬೀದಿಯ ಹಾರನ್, ಇವನ್ನೆಲ್ಲ ಆಮೇಲೆ ಕತ್ತರಿಸಿ ತೆಗೆಯಬೇಕು. ಅದಕ್ಕೆ ಸಿಕ್ಕಿದವಳು ನಾದಿನಿ. ಗಂಡನ ತಂಗಿ, ಮದುವೆ ಮಾಡಿಕೊಳ್ಳದವಳು, ಮಹಡಿಯ ಮೇಲಿನ ಎರಡು ಕೋಣೆಗಳ ಒಡತಿ. ಮೊದಲು ಮುದ್ರಣಾಲಯದಲ್ಲಿ ಚಿಮಟ ಹಿಡಿದು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದಳು, ಕಾಲ ಬದಲಾದ ಮೇಲೆ ಕಂಪ್ಯೂಟರಿನಲ್ಲಿ ಅದೇ ಕೆಲಸ. ಮುದ್ರಣಾಲಯ ಬಾಗಿಲು ಹಾಕಿದಾಗ ಅವಳು ಕೂರುತ್ತಿದ್ದ ಕಂಪ್ಯೂಟರನ್ನೇ ಅವಳಿಗೆ ಕೊಟ್ಟು ಕಳಿಸಿದ್ದರು. ಅಚ್ಚಿನ ತಪ್ಪು ಹುಡುಕಿ ಹುಡುಕಿ ಪಳಗಿದ ಕಣ್ಣು ಅವಳದು. ಕಿವಿಯೂ ಹಾಗೇ ಎಂದು ಗೊತ್ತಾದದ್ದು ಈಗ. ಅತ್ತಿಗೆ ಒಂದು ಸಾಲು ನುಂಗಿದರೆ ಸಾಕು, ಮಹಡಿಯ ಮೇಲಿಂದ ಕೋಲು ಕುಟ್ಟುವ ಸದ್ದು.

ಕೆಳಗಿನ ಕಂಪ್ಯೂಟರಿನಿಂದ ಮೇಲಿನದಕ್ಕೆ ತಂತಿ ಎಳೆದವನೂ ಗಂಡನೇ. ಟೆಲಿಫೋನ್ ಕಂಬ ಹತ್ತುವ ಲೈನ್‌ಮನ್ ಕೆಲಸದಲ್ಲಿ ಆಯಸ್ಸು ಕಳೆದವನಿಗೆ ಅದೇನು ಮಹಾ. ಗೋಡೆಯಲ್ಲಿ ತೂತು ಕೊರೆದು, ಮೆಟ್ಟಿಲ ಪಕ್ಕದಲ್ಲೇ ಗೆರೆ ಹೊಡೆದಷ್ಟು ನೇರವಾಗಿ ತಂತಿ ಕೂಡಿಸಿ, ಮೇಲಿನ ಕಂಪ್ಯೂಟರಿನಲ್ಲಿ ಎರಡೂ ಕಡೆಗೆ ಕಾಣುವ ಒಂದು ಫೋಲ್ಡರ್ ಮಾಡಿದ್ದ. ಅದಕ್ಕೆ 'ಅಂಗಳ' ಎಂದು ಹೆಸರು. ಮೈಕಮ್ಮ ಓದಿದ್ದನ್ನು ಅಂಗಳಕ್ಕೆ ಹಾಕುವಳು, ನಾದಿನಿ ಅಲ್ಲಿಂದ ಎತ್ತಿಕೊಳ್ಳುವಳು. ಪ್ರತಿ ಅಧ್ಯಾಯದ ಕೊನೆಗೆ ಮೈಕಮ್ಮ ಮೈಕಿನಲ್ಲೇ, "ಇಲ್ಲಿಗೆ ಸಾಕು ಕಣೇ, ಗಂಟಲು ಒಣಗ್ತು. ನಿಂಗೆ ಚಹಾ ಬೇಕಿದ್ರೆ ಕೋಲು ಕುಟ್ಟು" ಎನ್ನುತ್ತಿದ್ದಳು. ನಾದಿನಿ ಅದನ್ನು ಕೇಳಿ, ಕತ್ತರಿಸಿ ಹಾಕಿ, ಕೋಲು ಕುಟ್ಟುತ್ತಿದ್ದಳು.

ಗಂಡ ತೀರಿಕೊಂಡ ಮೇಲೂ ಈ ಏರ್ಪಾಡು ನಿಲ್ಲಲಿಲ್ಲ. ನಿಂತಿದ್ದರೆ ಇಬ್ಬರಿಗೂ ಆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತೇನೋ. ಅತ್ತಿಗೆ ನಾದಿನಿಯರಲ್ಲಿ ಮೊದಲಿನಿಂದಲೂ ಹೇಳಿಕೊಳ್ಳುವಂಥ ಸಲುಗೆ ಇರಲಿಲ್ಲ. ನಡುವೆ ಇದ್ದವನು ಎದ್ದುಹೋದ ಮೇಲೆ ಉಳಿದದ್ದು ಈ ತಂತಿಯ ನಂಟು. ಅಷ್ಟರಲ್ಲಿ ನಾದಿನಿ ಜಾರಿಬಿದ್ದು ಮೊಣಕಾಲು ಮುರಿದುಕೊಂಡು, ಮಹಡಿ ಇಳಿಯುವುದನ್ನೇ ಬಿಟ್ಟಳು. "ಇಳಿದ್ರೆ ಮತ್ತೆ ಹತ್ತಬೇಕಲ್ಲ" ಎನ್ನುವುದು ಅವಳ ವಾದ.

ಹೀಗಿರುವಾಗ ಮೇಲಿನ ಕಂಪ್ಯೂಟರು ಒಂದು ದಿನ ಏಳಲೇ ಇಲ್ಲ. ರಿಪೇರಿ ಅಂಗಡಿಯವನು ಬಂದು, ಡಿಸ್ಕ್ ಹೋಗಿದೆ ಎಂದು ಹೊಸದು ಹಾಕಿ, ಎಲ್ಲವನ್ನೂ ಮೊದಲಿನಿಂದ ತುಂಬಿಸಿಕೊಟ್ಟ. ಕಂಪ್ಯೂಟರು ಎದ್ದಿತು. ಆದರೆ ಅಂಗಳ ಮಾಯವಾಗಿತ್ತು. ಅವನು ಅದೇ ಹೆಸರಿನ ಫೋಲ್ಡರ್ ಮತ್ತೆ ಮಾಡಿದ, ಕೆಳಗಿನಿಂದ ತೆರೆಯಲು ನೋಡಿದ, ಆಗಲಿಲ್ಲ. ಮೆಟ್ಟಿಲು ಹತ್ತಿ ಇಳಿದು ಅವನಿಗೂ ಸಾಕಾಯಿತು.

"ಅಮ್ಮಾ, ಎರಡೂ ಮುದಿ ಗಾಡಿಗಳು. ತಂತೀನೂ ಹಳೇದು, ಅದೇ ಕೆಟ್ಟಿರಬೇಕು. ಕಿತ್ತು ಹೊಸದು ಎಳೆಸಿಬಿಡಿ."

ತಂತಿ ಕೀಳುವ ಮಾತು ಮೈಕಮ್ಮನ ಕಿವಿಗೆ ಬಿದ್ದದ್ದು ಬೇರೆಯೇ ಥರ. "ನೋಡೋಣ" ಎಂದಷ್ಟೇ ಹೇಳಿ ಅವನನ್ನು ಕಳಿಸಿಕೊಟ್ಟಳು. ಗಂಡನ ಕೈ ಮುಟ್ಟಿದ ಮೊಳೆಗಳು ಗೋಡೆಯುದ್ದಕ್ಕೂ ಹಾಗೇ ಇದ್ದವು. ಅವನ್ನು ಕೀಳಿಸುವ ಮನಸ್ಸು ಎಲ್ಲಿಂದ ಬರಬೇಕು?

ಆಗ ಕೈಯಲ್ಲಿದ್ದದ್ದು ದೊಡ್ಡ ಪುಸ್ತಕ. ದೇಹದ ಮೂಳೆ, ಕೀಲು, ಸ್ನಾಯುಗಳನ್ನು ಕುರಿತದ್ದು. ಫಿಸಿಯೋಥೆರಪಿ ಕಲಿಯುತ್ತಿದ್ದ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಮೊದಲು ಅದು ಬೇಕಿತ್ತು. ಸ್ನಾಯುಗಳ ಹೆಸರುಗಳೋ, ಒಂದೊಂದೂ ಬಾಯಿ ತುಂಬ. "ಅತ್ತಿಗೆ, ನೀವು ಮೊಣಕಾಲಿನ ಸ್ನಾಯು ಹೆಸರು ಹೇಳಿ ಮುಗಿಸೋ ಹೊತ್ತಿಗೆ ನನ್ನ ಮೊಣಕಾಲೇ ಹಿಡ್ಕೊಂಡ್ತು" ಎಂದು ನಾದಿನಿ ಗೊಣಗುತ್ತಿದ್ದಳು.

ಮೈಕಮ್ಮ ಪೆನ್‌ಡ್ರೈವಿನಲ್ಲಿ ಹೊತ್ತು ಸಾಗಿಸತೊಡಗಿದಳು. ಕೆಳಗಿನ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಹಾಕುವ ತೂತುಗಳಲ್ಲಿ ಹೆಚ್ಚಿನವು ಸತ್ತಿದ್ದವು. ಬದುಕಿದ್ದವನ್ನು ಮೈಕೂ ಮೌಸೂ ಹಿಡಿದುಕೊಂಡಿದ್ದವು. ಮೌಸು ಕಿತ್ತು ಪೆನ್‌ಡ್ರೈವ್ ಹಾಕಬೇಕು, ಕೀಲಿಮಣೆಯಲ್ಲೇ ತಡಕಾಡಿ ತುಂಬಿಸಬೇಕು, ಮೆಟ್ಟಿಲು ಹತ್ತಬೇಕು, ಇಳಿದು ಬಂದು ಏದುಸಿರು ಇಳಿಯುವ ತನಕ ಕಾಯಬೇಕು. ಏದುಸಿರಿನಲ್ಲಿ ಓದಿದರೆ ಮೇಲಿಂದ ಕೋಲಿನ ಸದ್ದು ತಪ್ಪಿದ್ದಲ್ಲ.

ಒಂದು ದಿನ ಅವಸರದಲ್ಲಿ ತುಂಬಿ ಮುಗಿಯುವ ಮೊದಲೇ ಕಿತ್ತಿರಬೇಕು. ಭುಜದ ಅಧ್ಯಾಯ ಪೂರಾ ಹಾಳಾಯಿತು. ಮೇಲೆ ತೆರೆದರೆ ಬರೀ ಸೊನ್ನೆ. ಕೆಳಗೆ ಜಾಗ ಸಾಲದೆಂದು ಮೈಕಮ್ಮ ಮೂಲವನ್ನು ಆಗಲೇ ಅಳಿಸಿದ್ದಳು.

"ನೀನೇ ಏನೋ ಒತ್ತಿ ಅಳಿಸಿದ್ದೀಯ" ಎಂದಳು ಮೈಕಮ್ಮ.

"ನಾನ್ಯಾಕೆ ಅಳಿಸ್ಲಿ? ನೀವು ತಂದಿದ್ದೇ ಖಾಲಿ ಡಬ್ಬಿ. ಅಣ್ಣ ಇದ್ದಿದ್ರೆ ಇಷ್ಟೊತ್ತಿಗೆ ಸರಿಮಾಡಿರ್ತಿದ್ದ."

"ಅಣ್ಣ ಇಲ್ಲ ಅನ್ನೋದು ನಂಗೆ ಗೊತ್ತಿಲ್ವಾ? ನೀನು ಹೇಳಿ ಗೊತ್ತಾಗ್ಬೇಕಾ?"

ಅಲ್ಲಿಗೆ ಮಾತು ಕಡಿಯಿತು. ಊಟದ ತಟ್ಟೆ ಮೇಲೆ ಹೋಗುವುದು, ಖಾಲಿ ತಟ್ಟೆ ಕೆಳಗೆ ಬರುವುದು ನಡೆದೇ ಇತ್ತು. ಮೈಕಮ್ಮ ಭುಜವನ್ನು ಮೊದಲಿನಿಂದ ಓದಿದಳು. ಅಧ್ಯಾಯದ ಕೊನೆಗೆ ಏನೂ ಹೇಳದೆ ಮೈಕು ಆರಿಸಿದಳು.

ಅಧ್ಯಾಯಗಳು ತಡವಾಗುತ್ತಿವೆಯೆಂದು ಗ್ರಂಥಾಲಯದ ಮೇಲ್ವಿಚಾರಕಿ ಫೋನು ಮಾಡಿದಾಗ, ಮೈಕಮ್ಮ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿಕೊಂಡಳು. ಆಕೆ, "ನಮ್ಮ ಸದಸ್ಯರೊಬ್ಬರಿದ್ದಾರೆ, ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರು. ಕಂಪ್ಯೂಟರ್ ವಿಷಯದಲ್ಲಿ ನಮಗೆಲ್ಲ ಅವರೇ ಗತಿ. ಫೋನ್ ಮಾಡಿಸ್ತೀನಿ" ಎಂದಳು.

ಮಾರನೆಯ ಮಧ್ಯಾಹ್ನ ಕರೆ ಬಂತು. ಮೈಕಮ್ಮ "ಹಲೋ, ಯಾರು ಮಾತಾಡೋದು?" ಎಂದದ್ದಷ್ಟೇ. ಆ ಕಡೆಯಿಂದ ಗಂಡಸೊಬ್ಬನ ದನಿ ಬಂತು.

"ಅಮ್ಮಾ, ಇನ್ನೊಂದ್ಸಲ ಹೇಳಿ."

"ಯಾರು ಮಾತಾಡೋದು ಅಂದೆ."

"ಅದೇ ದನಿ! ಬಸ್ ನಿಲ್ದಾಣದಲ್ಲಿ ನೀವೇ ಅಲ್ವಾ ಇದ್ದಿದ್ದು? ಪುಸ್ತಕ ಕೇಳುವಾಗೆಲ್ಲ ಅನುಮಾನ ಬರ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬನೇ ಓಡಾಡೋಕೆ ಶುರು ಮಾಡಿದ್ದು ನಿಮ್ಮ ದನಿ ನಂಬ್ಕೊಂಡು. ಎರಡೆರಡು ಸಲ ಹೇಳ್ತಿದ್ರಲ್ಲ, ಮೊದಲನೇ ಸಲ ಕೇಳಿ ಏಳ್ತಿದ್ದೆ, ಎರಡನೇ ಸಲಕ್ಕೆ ಸರಿಯಾದ ಜಾಗಕ್ಕೆ ಹೋಗಿ ನಿಂತಿರ್ತಿದ್ದೆ."

ಅಷ್ಟು ವರ್ಷ ಗಾಜಿನ ಹಿಂದೆ ಕೂತು ಹೇಳಿದ್ದನ್ನು ಯಾರಾದರೂ ಹೀಗೆ ಕಿವಿಗೊಟ್ಟು ಕೇಳಿದ್ದರೆಂದು ಮೈಕಮ್ಮ ಎಣಿಸಿರಲೇ ಇಲ್ಲ.

"ನೀವೊಂದ್ಸಲ ಮನೆಗೆ ಬಂದು ನೋಡೋಕಾಗುತ್ತಾ?" ಎಂದಳು, ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಅವನು ಗಹಗಹಿಸಿ ನಕ್ಕ. "ಬಂದ್ರೂ ನಂಗೆ ಕಾಣಲ್ಲ, ಇಲ್ಲಿಂದಾನೂ ಕಾಣಲ್ಲ. ಬಸ್ ಚಾರ್ಜ್ ಯಾಕೆ ದಂಡ? ಫೋನಲ್ಲೇ ಮಾಡೋಣ. ನೀವು ಓದೋದು, ನಾನು ಕೇಳೋದು. ದಿನಾ ಮಾಡೋ ಕೆಲಸಾನೇ ತಾನೆ? ಮೇಲಿನ ಕಂಪ್ಯೂಟರ್ ಹತ್ರ ಯಾರಿದ್ದಾರೆ?"

"ನನ್ನ ನಾದಿನಿ."

"ಅವರ ನಂಬರ್ ಹೇಳಿ. ಮೂವರನ್ನೂ ಒಂದೇ ಲೈನಿಗೆ ಹಾಕ್ತೀನಿ, ನನ್ನ ಹೊಟ್ಟೆಪಾಡೇ ಅದು."

ಮೈಕಮ್ಮ ನಂಬರ್ ಹೇಳಿ, ಮತ್ತೆ ಬೇಡವೆನ್ನುವಷ್ಟರಲ್ಲಿ ಅವನು ಹಾಕಿಯೇ ಬಿಟ್ಟಿದ್ದ. ಮಾತು ಬಿಟ್ಟಿದ್ದ ಅತ್ತಿಗೆ ನಾದಿನಿಯರು ಒಂದೇ ಮನೆಯ ಎರಡು ಮಹಡಿಗಳಲ್ಲಿ ಕೂತು, ಕಂಡರಿಯದ ಮೂರನೆಯವನ ಸಾಕ್ಷಿಯಲ್ಲಿ "ಹಲೋ" ಎಂದುಕೊಂಡರು.

ಮೊದಲು ಆಪರೇಟರು ದೀಪಗಳ ವಿಷಯ ಕೇಳಿದ. ತಂತಿ ಬಂದು ಸೇರುವ ಪೆಟ್ಟಿಗೆಯ ಮೇಲೆ ದೀಪಗಳು ಮಿಣುಕುತ್ತಿವೆಯೇ? ಮಿಣುಕುತ್ತಿದ್ದವು. ಆಮೇಲೆ ಮೈಕಮ್ಮನಿಂದ ಕಪ್ಪು ಕಿಟಕಿಯೊಂದನ್ನು ತೆರೆಸಿ, ಅಕ್ಷರ ಅಕ್ಷರವಾಗಿ ಹೇಳಿ ಒಂದು ಆಜ್ಞೆ ಬರೆಸಿದ. ಕೆಳಗಿನಿಂದ ಮೇಲಿನದನ್ನು ಕೂಗಿ ಕರೆಯುವ ಆಜ್ಞೆ ಅದು.

"ಏನು ಬಂತು? ಓದಿ."

ಮೈಕಮ್ಮ ಓದಿದಳು. ಕರೆದಷ್ಟು ಸಲವೂ ಮೇಲಿನಿಂದ ಓಗೊಟ್ಟ ಉತ್ತರ ಬಂದಿತ್ತು.

"ತಂತಿ ಗಟ್ಟಿಮುಟ್ಟಾಗಿದೆ ಅಮ್ಮ. ಒಂದು ಉತ್ತರಾನೂ ದಾರೀಲಿ ಬಿದ್ದುಹೋಗಿಲ್ಲ. ಯಾರು ಎಳೆದಿದ್ದೋ, ಚೆನ್ನಾಗಿ ಎಳೆದಿದ್ದಾರೆ. ಅದನ್ನ ಮುಟ್ಟಬೇಡಿ."

ನಾದಿನಿ ಮೇಲಿನಿಂದ, "ನಮ್ಮಣ್ಣ ಎಳೆದಿದ್ದು" ಎಂದಳು. ಮೈಕಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಚೆನ್ನಾಗಿ ಎಳೆದಿದ್ದಾರೆ ಎಂಬ ಆ ಒಂದು ಮಾತಿಗೇ ಆಪರೇಟರಿಗೆ ಏನು ಕೊಟ್ಟರೂ ತೀರದು ಎನಿಸಿತು.

ಮುಂದಿನ ಸರದಿ ನಾದಿನಿಯದು. ಅವಳ ಪರದೆಯಲ್ಲಿ ನೆಟ್‌ವರ್ಕಿನ ಹೆಸರಿನ ಕೆಳಗೆ ಏನಿದೆ ಎಂದು ಕೇಳಿದ. 'ಸಾರ್ವಜನಿಕ' ಎಂದಿತ್ತು.

"ಅಂಗಡಿಯವರು ಹೊಸದಾಗಿ ತುಂಬಿದಾಗ ಹಾಗೇ ಬಿಟ್ಟಿದ್ದಾರೆ. ನಿಮ್ಮ ಕಂಪ್ಯೂಟರು ತಾನು ಮನೇಲಿಲ್ಲ, ಬಸ್ ನಿಲ್ದಾಣದಲ್ಲಿ ಕೂತಿದೀನಿ ಅಂದ್ಕೊಂಡಿದೆ. ಗುರುತಿಲ್ಲದೋರು ಯಾರು ಮಾತಾಡಿಸಿದ್ರೂ ಬ್ಯಾಗು ಅಪ್ಕೊಂಡು ಮುಖ ತಿರುಗಿಸ್ಕೊಂಡು ಕೂರುತ್ತೆ. ಅದಕ್ಕೆ ಇದು ಮನೆ ಅಂತ ಹೇಳಿ."

"ಅಲ್ಲಿ ಹಾಗೇ ಕೂರ್ಬೇಕು ಬಿಡಿ, ಅದರದ್ದೇನು ತಪ್ಪು" ಎಂದಳು ಮೈಕಮ್ಮ. ನಾದಿನಿ ಕಿಸಕ್ಕನೆ ನಕ್ಕದ್ದು ಫೋನಿನಲ್ಲೂ ಕೇಳಿಸಿತು, ಮೆಟ್ಟಿಲ ಕಡೆಯಿಂದಲೂ ಕೇಳಿಸಿತು.

'ಮನೆ' ಎಂದು ಬದಲಾಯಿಸಿ, ಹಂಚಿಕೆಗೆ ಒಪ್ಪಿಗೆ ಕೊಟ್ಟ ಮೇಲೆ ಕೆಳಗಿನ ಪರದೆಯಲ್ಲಿ ಮೇಲಿನ ಕಂಪ್ಯೂಟರಿನ ಹೆಸರು ಮೂಡಿತು. ಮೈಕಮ್ಮ ಕಳೆದುಹೋದ ಮಗು ಕಂಡವಳಂತೆ "ಬಂತು, ಬಂತು!" ಎಂದು ಕೂಗಿದಳು. ಆದರೆ ಒಳಗೆ ಬಿಡಲಿಲ್ಲ. ಹೆಸರೇನು, ಗುಪ್ತಪದವೇನು ಎಂದು ಅಡ್ಡಗಟ್ಟಿತು. ನಾದಿನಿ ಗುಪ್ತಪದವನ್ನೇ ಇಟ್ಟಿರಲಿಲ್ಲ. ಬಾಗಿಲಿಗೆ ಬೀಗವಿಲ್ಲದಿದ್ದರೆ ಕೀಲಿ ತೋರಿಸುವುದು ಹೇಗೆ? ಅವನು ಹೇಳಿದಂತೆ ಒಂದನ್ನು ಇಟ್ಟಳು. ಕೆಳಗೆ ಅದನ್ನೇ ಬರೆದರೂ 'ಗುರುತು ಹೊಂದುತ್ತಿಲ್ಲ' ಎಂಬ ಒಂದೇ ಹಾಡು. ಅಷ್ಟರಲ್ಲಿ ಅವನ ಪಾಳಿ ಶುರುವಾಗುವ ಹೊತ್ತಾಗಿತ್ತು. "ನಾಳೆ ಹಿಡಿಯೋಣ. ಎಲ್ಲೋ ಒಂದು ಎಳೆ ತಪ್ಪಿದೆ" ಎಂದು ಫೋನಿಟ್ಟ.

ಮಾರನೆಯ ದಿನ ಅವನು ಮತ್ತೇನನ್ನೂ ಒತ್ತಿಸಲಿಲ್ಲ.

"ಅಮ್ಮಾ, ನಿಮ್ಮ ಪರದೆ ಮೇಲೆ ಏನೇನಿದೆ, ಪುಸ್ತಕ ಓದಿದ ಹಾಗೆ ಎಲ್ಲಾ ಓದಿ. ಮುಖ್ಯ, ಅಮುಖ್ಯ ಅಂತ ನೋಡಬೇಡಿ."

ಮೈಕಮ್ಮನಿಗೆ ಅದು ನೀರು ಕುಡಿದಷ್ಟು ಸುಲಭ. ಪುಸ್ತಕದಲ್ಲಿ ಅಚ್ಚಾದದ್ದು ಏನೇ ಇರಲಿ, ಪುಟದ ಸಂಖ್ಯೆಯಿರಲಿ, ಚಿತ್ರದ ಕೆಳಗಿನ ಸಾಲಿರಲಿ, ಬಿಡದೆ ಓದುವುದು ಗ್ರಂಥಾಲಯದ ಕಟ್ಟಪ್ಪಣೆ. ಮೇಲಿನ ಎಡ ಮೂಲೆಯಿಂದ ಹಿಡಿದು, ಚಿತ್ರಗಳ ಕೆಳಗಿನ ಹೆಸರುಗಳನ್ನು ಹೇಳುತ್ತ, ಕೆಳಗಿನ ಬಲ ಮೂಲೆಗೆ ಬಂದು ಗಡಿಯಾರದ ಸಮಯ ಓದಿ, ಅದರ ಜೊತೆಗಿದ್ದ ತಾರೀಖನ್ನೂ ಓದಿದಳು. ಓದುತ್ತ ಓದುತ್ತ ದನಿ ನಿಧಾನವಾಯಿತು. ಅದು ಎಂದೋ ಕಳೆದುಹೋದ ವರ್ಷ. ಆಕೆ ಇನ್ನೂ ಗಾಜಿನ ಗೂಡಿನಲ್ಲಿ ಕೂರುತ್ತಿದ್ದ ಕಾಲದ್ದು.

"ಸಿಕ್ತು!" ಎಂದು ಅವನು ಮೇಜು ಗುದ್ದಿದ ಸದ್ದು ಕೇಳಿಸಿತು. "ಮೇಲಿನದು ಇವತ್ತಿನಲ್ಲಿದೆ, ಕೆಳಗಿನದು ಹಳೇ ಕಾಲದಲ್ಲಿ ಕೂತಿದೆ. ಅಷ್ಟು ಹಿಂದಿನಿಂದ ಬಂದು ಗುರುತು ಹೇಳಿದ್ರೆ ಯಾರು ನಂಬ್ತಾರೆ? ನೀವೇನಾದ್ರೂ ಕೆಲಸ ಮುಗಿದ ಮೇಲೆ ಗೋಡೆ ಸ್ವಿಚ್ಚನ್ನೇ ಆರಿಸ್ತೀರಾ?"

"ಹೂಂ, ಸಿಡಿಲಿಗೆ ಹೆದರಿ ಈಚೆಗೆ ದಿನಾ ಆರಿಸ್ತೀನಿ."

"ಒಳಗೊಂದು ಬಿಲ್ಲೆ ಬ್ಯಾಟರಿ ಇರುತ್ತೆ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸೋಕೆ. ಅದು ಸತ್ತಿದೆ. ಸ್ವಿಚ್ ಆರಿಸಿದಾಗೆಲ್ಲ ಅದರ ಕಾಲ ಹಿಂದಕ್ಕೆ ಓಡುತ್ತೆ. ವಾಚ್ ರಿಪೇರಿ ಅಂಗಡೀಲಿ ಸಿಗುತ್ತೆ, ತಂದು ಹಾಕಿದ್ರಾಯ್ತು."

ಬ್ಯಾಟರಿಯೇನೋ ಬೀದಿಯ ತುದಿಯ ವಾಚ್ ಅಂಗಡಿಯಲ್ಲಿ ಸಿಕ್ಕಿತು. ಹಾಕುವುದು ಹೇಗೆ? ಕಂಪ್ಯೂಟರಿನ ಪಕ್ಕದ ತಗಡು ತೆಗೆದು ಮೈಕಮ್ಮ ಒಳಗೆ ಇಣುಕಿದಳು. ಧೂಳಿನ ಹೊದಿಕೆಯಡಿ ತಂತಿಗಳ ಕಾಡು, ಅದರ ತಳದಲ್ಲೆಲ್ಲೋ ಮಿಂಚುವ ಬಿಲ್ಲೆ. ಆಕೆಯ ದಪ್ಪ ಬೆರಳು ಅಲ್ಲಿಗೆ ತೂರುವಂತಿರಲಿಲ್ಲ. "ಆಗ್ತಿಲ್ಲಪ್ಪಾ, ಮುರಿದುಬಿಟ್ರೆ ಏನು ಗತಿ" ಎಂದು ಫೋನಿನಲ್ಲಿ ಅಲವತ್ತುಕೊಂಡಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಏನೋ ಎಳೆದಾಡಿದ ಸದ್ದು. ಹೋಗಿ ನೋಡಿದರೆ ನಾದಿನಿ! ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಪುಟ್ಟ ಮಗುವಿನ ಹಾಗೆ ಕೂತುಕೂತೇ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದಳು. ಬಾಯಿಯಲ್ಲಿ ಕಚ್ಚಿ ಹಿಡಿದದ್ದು ಮುದ್ರಣಾಲಯದ ಆ ಹಳೇ ಚಿಮಟ.

"ಅಯ್ಯೋ, ಬೀಳ್ತೀಯ ಕಣೇ!"

ನಾದಿನಿ ಕೊನೆಯ ಮೆಟ್ಟಿಲಲ್ಲಿ ಸುಧಾರಿಸಿಕೊಂಡು ಚಿಮಟವನ್ನು ಕೈಗೆ ತೆಗೆದುಕೊಂಡಳು. "ಸೀಸದ ಪೂರ್ಣವಿರಾಮ ಎತ್ತಿಟ್ಟ ಕೈ ಇದು. ಪಕ್ಕಕ್ಕೆ ಸರೀರಿ ಅತ್ತಿಗೆ, ಟಾರ್ಚ್ ಹಿಡೀರಿ."

ಮೈಕಮ್ಮ ಟಾರ್ಚ್ ಹಿಡಿದಳು. ಫೋನಿನ ಸ್ಪೀಕರ್ ಹಾಕಿ ಮಣೆಯ ಮೇಲಿಟ್ಟರು. ಆಪರೇಟರು ಹೇಳುತ್ತ ಹೋದ: ಮೊದಲು ಗೋಡೆ ಸ್ವಿಚ್ ಆರಿಸಿ, ಪಕ್ಕದಲ್ಲಿ ಒಂದು ಪುಟ್ಟ ಕೊಂಡಿ ಇರುತ್ತೆ, ಅದನ್ನ ಮೆಲ್ಲಗೆ ಆಚೆ ತಳ್ಳಿ. ಹಳೆಯ ಬಿಲ್ಲೆ ಟಪ್ಪನೆ ಎದ್ದಿತು. ಹೊಸದು ಕೂತಿತು. ಉಸಿರು ಬಿಗಿಹಿಡಿದು ಬಗ್ಗಿದ್ದ ಇಬ್ಬರ ತಲೆಗಳೂ ಢಿಕ್ಕಿ ಹೊಡೆದವು.

ಕಂಪ್ಯೂಟರು ಹಚ್ಚಿ, ತಾರೀಖು ತಿದ್ದಿ, ಗುಪ್ತಪದ ಬರೆದರು. ಅಂಗಳ ತೆರೆದುಕೊಂಡಿತು. ಮೈಕಮ್ಮ ಸೊಂಟದ ಅಧ್ಯಾಯವನ್ನು ಅದರೊಳಕ್ಕೆ ಹಾಕಿದಳು. ಹಸಿರು ಪಟ್ಟಿ ಆಮೆಯ ಹಾಗೆ ತೆವಳಿ ತೆವಳಿ ಕೊನೆ ಮುಟ್ಟಿತು. ತಲುಪಿತೇ ಎಂದು ಮೇಲೆ ನೋಡಲು ಯಾರೂ ಇರಲಿಲ್ಲ, ಇಬ್ಬರೂ ಕೆಳಗೇ ಇದ್ದರಲ್ಲ! ಮೈಕಮ್ಮನೇ ಮೆಟ್ಟಿಲು ಹತ್ತಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ತನ್ನ ದನಿಯನ್ನು ಕೇಳಿ, ಅಲ್ಲಿಂದಲೇ ಕೂಗಿದಳು: "ಸೊಂಟ ಬಂದು ತಲುಪಿದೆ! ಸೊಂಟ ಬಂದು ತಲುಪಿದೆ!"

ಫೋನಿನಲ್ಲಿ ಆಪರೇಟರು ಚಪ್ಪಾಳೆ ತಟ್ಟುತ್ತಿದ್ದ.

ಅಂದು ನಾದಿನಿ ಕೆಳಗೇ ಊಟ ಮಾಡಿದಳು. ಊಟದ ನಡುವೆ ಮೈಕಮ್ಮ, "ಭುಜ ಹಾಳಾಗಿದ್ದು ನನ್ನಿಂದಾನೇ ಇರ್ಬೇಕು. ಮುಗಿಯೋಕೆ ಮುಂಚೆ ಕಿತ್ತೆ ಅನ್ಸುತ್ತೆ" ಎಂದಳು. "ಬಿಡಿ, ಎರಡನೇ ಸಲ ಓದಿದ್ದೇ ಚೆನ್ನಾಗಿತ್ತು. ಒಂದೇ ಒಂದು ಸಲ ಕೆಮ್ಮಿದ್ರಿ" ಎಂದಳು ನಾದಿನಿ. ಹತ್ತುವಾಗ ಮೈಕಮ್ಮ ಹಿಂದಿನಿಂದ ಆತುಕೊಂಡು ಮೇಲೆ ತಲುಪಿಸಿದಳು.

ಪುಸ್ತಕ ಪರೀಕ್ಷೆಗೆ ಮೊದಲೇ ಮುಗಿಯಿತು. ಅದನ್ನು ಕೇಳಿ ಓದಿಕೊಂಡ ವಿದ್ಯಾರ್ಥಿಗಳಲ್ಲಿ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಸೇರಿದ ಮೇಲೆ ವಿಳಾಸ ಕೇಳಿಕೊಂಡು ಬಂದು ನಾದಿನಿಯ ಮೊಣಕಾಲನ್ನು ಮುಟ್ಟಿ ನೋಡಿ, ದಿನಾ ಮಾಡುವ ಕೆಲವು ಚಲನೆಗಳನ್ನು ಹೇಳಿಕೊಟ್ಟಳು. ಕಲಿಸುವಾಗ ಸ್ನಾಯುಗಳ ಹೆಸರನ್ನು ಅವಳು ಹೇಳುತ್ತಿದ್ದ ರೀತಿ, ಎಲ್ಲಿ ನಿಲ್ಲಿಸುವುದು, ಎಲ್ಲಿ ಒತ್ತುವುದು, ಥೇಟ್ ಮೈಕಮ್ಮನದೇ. ಇಬ್ಬರೂ ಮುಖ ಮುಖ ನೋಡಿಕೊಂಡರು. ಈಗ ನಾದಿನಿ ಕೋಲೂರಿಕೊಂಡು ವಾರಕ್ಕೊಮ್ಮೆಯಾದರೂ ಕೆಳಗಿಳಿಯುತ್ತಾಳೆ.

ಆಪರೇಟರಿಗೆ ಏನಾದರೂ ಮಾಡಬೇಕೆಂದು ಮೈಕಮ್ಮನ ಮನಸ್ಸು ಹಾತೊರೆಯುತ್ತಿತ್ತು. ಕೇಳಿದರೆ ಅವನು, "ನಿಮ್ಮ ಬಸ್ಸುಗಳ ಲೆಕ್ಕ ನೋಡಿದ್ರೆ ಋಣ ನನ್ನದೇ ಜಾಸ್ತಿ. ಮುಂದಿನ ಪುಸ್ತಕ ಬೇಗ ಓದಿ ಸಾಕು" ಎಂದು ಹಾರಿಸಿಬಿಟ್ಟ. ನಾದಿನಿಯ ಬಳಿ ಮಾತ್ರ ಅವನು ಸಲುಗೆಯಿಂದ ಧ್ವನಿ ತಿದ್ದುವ ಕೆಲಸ ಕಲಿಯತೊಡಗಿದ. ಅವಳು ಫೋನಿನಲ್ಲೇ ಅವನ ತಪ್ಪುಗಳನ್ನು ಹಿಡಿದು ಬೈಯುತ್ತಿದ್ದಳು.

ಮುಂದಿನ ಪುಸ್ತಕದ ಮೊದಲ ಸಾಲಿನಲ್ಲಿ ಮೈಕಮ್ಮ ಒಂದು ಕೆಲಸ ಮಾಡಿದಳು. ಓದಿದವರ ಹೆಸರು ಹೇಳುವುದು ಗ್ರಂಥಾಲಯದ ಪದ್ಧತಿ. ಆಕೆ ತನ್ನ ಹೆಸರಿನ ಜೊತೆಗೆ, ಧ್ವನಿ ತಿದ್ದಿದವರು ಎಂದು ನಾದಿನಿಯ ಹೆಸರನ್ನೂ, ಎರಡು ಕಂಪ್ಯೂಟರುಗಳನ್ನು ಮಾತಾಡಿಸಿದವರು ಎಂದು ಆಪರೇಟರಿನ ಹೆಸರನ್ನೂ, ತಂತಿ ಎಳೆದವರು ಎಂದು ಗಂಡನ ಹೆಸರನ್ನೂ ಹೇಳಿದಳು. ತಿದ್ದಿ ಬಂದದ್ದನ್ನು ಕೇಳಿದರೆ ಮಿಕ್ಕವೆಲ್ಲ ಇದ್ದವು, ನಾದಿನಿಯ ಹೆಸರೊಂದು ಇರಲಿಲ್ಲ. ಕತ್ತರಿಸಿದ ಗುರುತೂ ಕಾಣದಷ್ಟು ನಯವಾಗಿ ಅವಳು ತನ್ನನ್ನು ತೆಗೆದುಹಾಕಿಕೊಂಡಿದ್ದಳು.

ಮೈಕಮ್ಮ ಮತ್ತೆ ಓದಿದಳು. ಮತ್ತೆ ಹಾಗೇ ಆಯಿತು. "ಅತ್ತಿಗೆ, ಕೇಳೋರಿಗೆ ಪುಸ್ತಕ ಬೇಕು, ನನ್ನ ಹೆಸರಲ್ಲ" ಎಂದಳು ನಾದಿನಿ.

ಮೂರನೆಯ ಸಲ ಮೈಕಮ್ಮ ನೀರು ಕುಡಿದು, ಎದೆ ತುಂಬ ಉಸಿರೆಳೆದುಕೊಂಡು, ಪುಸ್ತಕದ ಹೆಸರನ್ನೂ ನಾದಿನಿಯ ಹೆಸರನ್ನೂ ಎಳ್ಳಷ್ಟೂ ಸಂದು ಬಿಡದೆ ಒಂದೇ ಉಸಿರಿನಲ್ಲಿ ಹೆಣೆದು ಹೇಳಿದಳು. ಒಂದನ್ನು ಕತ್ತರಿಸಿದರೆ ಇನ್ನೊಂದೂ ಹೋಗಬೇಕು. ಕೊನೆಗೆ ಮೊದಲಿನ ಹಾಗೆ "ಚಹಾ ಬೇಕಿದ್ರೆ ಕೋಲು ಕುಟ್ಟು" ಎಂದು ಸೇರಿಸಿ, ಅಂಗಳಕ್ಕೆ ಹಾಕಿ ಕಾದು ಕೂತಳು. ಬಹಳ ಹೊತ್ತಾದ ಮೇಲೆ ಮಹಡಿಯಿಂದ ಕೋಲು ಕುಟ್ಟಿದ್ದು ಕೇಳಿಸಿತು. ಮೈಕಮ್ಮ ನಗುತ್ತ ಎದ್ದು ಚಹಾಕ್ಕೆ ನೀರಿಟ್ಟಳು.